ಶಕ್ತಿ ಮಾತ್ರೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಕನ್ನಡಕದ ಅಂಗಡಿಯವನು ಠಾಣೆಗೆ ಬಂದು ದೂರು ಕೊಟ್ಟ. ಶಿಶುವಿಹಾರದಲ್ಲಿ ಟೀಚರಾಗಿದ್ದ ಅವನ ಹೆಂಡತಿ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಊರಲ್ಲಿ ದಡಾರ ಹಬ್ಬಿದ್ದರಿಂದ ಶಿಶುವಿಹಾರದ ಸಿಬ್ಬಂದಿಗೆಲ್ಲ ಲಸಿಕೆ ಹಾಕಿಸಿದ್ದರು. ಎರಡು ವಾರ ತುಂಬುವಷ್ಟರಲ್ಲಿ ಅವಳಿಗೆ ಜ್ವರ ಬಂತು, ಮೈತುಂಬ ದದ್ದು ಎದ್ದಿತು, ಎದೆ ಕಟ್ಟಿತು.

“ನರ್ಸ್ ಒಂದು ಮಾತೂ ಕೇಳಲಿಲ್ಲ ಮೇಡಂ. ಕುರಿಗೆ ಚುಚ್ಚಿದ ಹಾಗೆ ಚುಚ್ಚಿ ಕಳಿಸಿದ್ರು.”

“ನೀವು ಅಲ್ಲಿದ್ರಾ?” ಇನ್‌ಸ್ಪೆಕ್ಟರ್ ಕೇಳಿದರು.

“ನಾನೇ ಸ್ಕೂಟರಲ್ಲಿ ಕರಕೊಂಡು ಹೋಗಿದ್ದೆ.”

ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು, ಅಂಗಿಯ ಗುಂಡಿಗಳು ಒಂದರದ್ದು ಇನ್ನೊಂದಕ್ಕೆ ಬಿದ್ದಿದ್ದವು. ಇನ್‌ಸ್ಪೆಕ್ಟರಿಗೆ ಪಾಪ ಅನ್ನಿಸಿತು. ಮನೆಯಿಂದ ತಂದಿದ್ದ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಅವನ ಮುಂದಿಟ್ಟರು. ನರ್ಸ್ ವಿರುದ್ಧ ಎಫ್‌ಐಆರ್ ದಾಖಲಾಯಿತು. ಅಂದೇ ಆರೋಗ್ಯ ಕೇಂದ್ರದವರು ಅವಳನ್ನು ಕೆಲಸಕ್ಕೆ ಬರಬೇಡ ಎಂದರು.

ನಿವೃತ್ತಿಯ ಹೊಸ್ತಿಲಲ್ಲಿದ್ದ ನರ್ಸ್ ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು.

“ಏನೂ ಕೇಳದೆ ಹಾಕಿದ್ರಂತೆ?”

“ಕೇಳಿ ಕೇಳಿ ಗಂಟಲು ಬಿದ್ದುಹೋಗಿತ್ತು ಮೇಡಂ. ಬಸುರಿಯಾ, ದೊಡ್ಡ ಕಾಯಿಲೆ ಇದೆಯಾ, ದಿನಾ ಮಾತ್ರೆ ನುಂಗ್ತೀರಾ, ಎಲ್ಲರಿಗೂ ಅದೇ ಹಾಡು. ಈ ಟೀಚರಮ್ಮ ನಕ್ಕುಬಿಟ್ರು. ‘ಶಕ್ತಿ ಮಾತ್ರೆ ಬಿಟ್ರೆ ಏನಿಲ್ಲ ಸಿಸ್ಟರ್’ ಅಂದ್ರು. ಶಕ್ತಿ ಮಾತ್ರೆ ನುಂಗದವರು ಯಾರಿದ್ದಾರೆ? ನಾನೂ ನುಂಗ್ತೀನಿ.”

“ಗಂಡ ಎಲ್ಲಿದ್ದ?”

“ಅವರ ಬೆನ್ನ ಹಿಂದೇನೇ. ಬ್ಯಾಗು, ಹೆಲ್ಮೆಟ್ಟು ಎಲ್ಲಾ ಹಿಡ್ಕೊಂಡು ನಿಂತಿದ್ರು. ಎಂಥ ಒಳ್ಳೆ ಗಂಡ ಅಂದ್ಕೊಂಡೆ.”

ಶಿಶುವಿಹಾರದಲ್ಲಿ ವಿಚಾರಿಸಿದಾಗ, ಅದೇ ಲಸಿಕೆ ಹಾಕಿಸಿಕೊಂಡ ಉಳಿದವರೆಲ್ಲ ಗುಂಡುಕಲ್ಲಿನ ಹಾಗಿದ್ದರು. ನರ್ಸ್ ಕೇಳಿದ್ದನ್ನು, ಟೀಚರ್ ನಕ್ಕಿದ್ದನ್ನು ಸಾಲಿನಲ್ಲಿದ್ದ ಆಯಾ ಕೂಡ ಕೇಳಿಸಿಕೊಂಡಿದ್ದಳು.

ಆ ಶಕ್ತಿ ಮಾತ್ರೆ ಯಾವುದೆಂದು ನೋಡಲು ಮಧ್ಯಾಹ್ನ ಮೂರಕ್ಕೆ ನೆರೆಮನೆಯ ಇಬ್ಬರನ್ನು ಪಂಚರಾಗಿ ಕರೆದು ಟೀಚರ ಮನೆಯಲ್ಲಿ ಪಂಚನಾಮೆ ನಡೆಸಿದರು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕ ವಿಟಮಿನ್ ಮಾತ್ರೆಯ ಬಾಟಲಿ ಇತ್ತು. ಹೆಡ್ ಕಾನ್‌ಸ್ಟೇಬಲ್ ಅದನ್ನು ಕಾಗದದ ಮೇಲೆ ಸುರಿದ.

“ನಮ್ಮ ಮನೆಯವಳೂ ಇದೇ ಕಂಪನೀದು ನುಂಗ್ತಾಳೆ ಮೇಡಂ. ಅದು ಕಿತ್ತಳೆ ಬಣ್ಣ. ನುಂಗಿ ನುಂಗಿ ಜಗಳಕ್ಕೆ ಒಳ್ಳೆ ಶಕ್ತಿ ಬಂದಿದೆ. ಇದು ಹಳದಿ, ಬೇರೆ ಏನೋ.”

ಯಾರೋ ಒಂದೊಂದನ್ನೇ ಬೇರೆ ಮಾತ್ರೆಯ ಸ್ಟ್ರಿಪ್‌ನಿಂದ ಬಿಡಿಸಿ ಈ ಬಾಟಲಿಗೆ ತುಂಬಿದ್ದರು. ಮಾತ್ರೆಗಳನ್ನು ವಶಪಡಿಸಿಕೊಂಡು ಮೊಹರು ಹಾಕಿದರು.

ಮಂಗಳವಾರ ಬೆಳಗ್ಗೆ, ಆಸ್ಪತ್ರೆಯ ಹಳೆಯ ದಾಖಲೆಯಿಂದ ಪತ್ತೆಯಾದ, ಅವಳಿಗೆ ಎರಡು ವರ್ಷದಿಂದ ಚಿಕಿತ್ಸೆ ಕೊಡುತ್ತಿದ್ದ ಮೂತ್ರಪಿಂಡದ ಡಾಕ್ಟರ್ ಆ ಮಾತ್ರೆಯನ್ನು ನೋಡಿದ ಕೂಡಲೇ ಗುರುತಿಸಿದರು.

“ಇದು ರೋಗನಿರೋಧಕ ಶಕ್ತಿಯನ್ನ ತಗ್ಗಿಸೋ ಮಾತ್ರೆ. ಆಕೆಯ ದೇಹ ತನ್ನ ಮೂತ್ರಪಿಂಡವನ್ನೇ ಶತ್ರು ಅಂತ ಹೊಡೀತಾ ಇದೆ. ಅದನ್ನ ತಡೆಯೋಕೆ ಇದು ಬೇಕೇ ಬೇಕು. ಆದ್ರೆ ದಡಾರದ ಲಸಿಕೆಯಲ್ಲಿರೋದು ಬಲ ಕುಗ್ಗಿಸಿದ ಜೀವಂತ ವೈರಸ್. ನಮ್ಮಂಥವರ ಮೈ ಅದನ್ನ ಸುಲಭವಾಗಿ ಗೆಲ್ಲುತ್ತೆ. ಈ ಮಾತ್ರೆ ತಗೊಳ್ಳೋರಲ್ಲಿ ಆ ಕುಗ್ಗಿದ ವೈರಸ್ಸಿನದೇ ಮೇಲುಗೈ ಆಗಬಹುದು.”

“ಇದನ್ನೆಲ್ಲ ಆಕೆಗೆ ಹೇಳಿದ್ರಾ?”

ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಮನೆಯವರಿಗೆ ಹೇಳಿದೆ. ಆಕೆಯ ತಾಯಿ ಇಂಥದ್ದರಲ್ಲೇ ತೀರಿಕೊಂಡರಂತೆ. ಹೇಳಬೇಡಿ, ಎದೆ ಒಡ್ಕೊಳ್ತಾಳೆ ಅಂತ ಗಂಡ ಕೈ ಹಿಡ್ಕೊಂಡ. ಆಕೆಗೆ ಬರೀ ನಿಶ್ಶಕ್ತಿ ಅಂತ ಹೇಳಿಟ್ವಿ. ನಾವು ಹೀಗೇ ಮಾಡ್ತೀವಿ, ಮೇಡಂ.”

“ಲಸಿಕೆ ವಿಷಯ?”

“ಅದನ್ನೂ ಅವನಿಗೇ ಹೇಳಿದ್ದೆ. ಮತ್ತೆ ಮತ್ತೆ ಹೇಳಿದ್ದೆ.”

ಆ ಸಂಜೆ ಕನ್ನಡಕದ ಅಂಗಡಿಯವನು ಅದೇ ಕುರ್ಚಿಯಲ್ಲಿ ಕೂತ. ಈ ಸಲ ಟೀ ಇರಲಿಲ್ಲ.

“ಬಾಟಲಿಗೆ ತುಂಬಿದ್ದು ಯಾರು?”

“ನಾನು.”

“ನರ್ಸ್ ಕೇಳಿದ್ದು ಕೇಳಿಸ್ತಾ?”

ಅವನು ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

“ಕೇಳಿಸ್ತೋ, ಇಲ್ವೋ?”

“ಕೇಳಿಸ್ತು.”

“ಬಾಯಿ ಬಿಡೋಕೆ ಏನಾಗಿತ್ತು?”

“ಅವಳ ಜೊತೆಯವರೆಲ್ಲ ಸಾಲಲ್ಲಿ ನಿಂತಿದ್ರು. ಅಷ್ಟು ಜನರ ಮುಂದೆ, ಎರಡು ವರ್ಷದಿಂದ ನಿನಗೆ ಸುಳ್ಳು ಹೇಳಿದ್ದೆ ಅಂತ ಹೇಗೆ ಹೇಳ್ಲಿ? ಒಂದು ಸೂಜಿಗೆ ಏನಾಗುತ್ತೆ ಅಂದ್ಕೊಂಡೆ.”

“ನರ್ಸ್ ತಲೆಗೆ ಯಾಕೆ ಕಟ್ಟಿದೆ?”

“ಅವಳು ಎಚ್ಚರ ಆದಾಗ ಯಾಕೆ ಹೀಗಾಯ್ತು ಅಂತ ಕೇಳ್ತಾಳಲ್ಲ ಮೇಡಂ. ಬೇರೆ ಯಾರಾದ್ರೂ ತಪ್ಪು ಮಾಡಿರಬೇಕಿತ್ತು.”

ಸಂಜೆ ಆರಕ್ಕೆ, ಜೀವಕ್ಕೆ ಅಪಾಯ ತಂದದ್ದಕ್ಕೂ ಸುಳ್ಳು ದೂರು ಕೊಟ್ಟಿದ್ದಕ್ಕೂ ಅವನನ್ನು ಬಂಧಿಸಿದರು. ನರ್ಸ್ ಮೇಲೆ ಆರೋಪ ಉಳಿದಿಲ್ಲ ಎಂದು ಆರೋಗ್ಯ ಕೇಂದ್ರಕ್ಕೆ ತಿಳಿಸಿದರು. ಜೀಪು ಹತ್ತುವ ಮುಂಚೆ ಅವನು ಕೇಳಿದ್ದು ಒಂದೇ: ಅವಳನ್ನು ಒಂದು ಸಲ ನೋಡಬೇಕು.

ಬುಧವಾರ ಅವಳ ಆಕ್ಸಿಜನ್ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಕೆ ಇಟ್ಟರು, ಗಂಡಾಂತರ ಕಳೆದಿತ್ತು. ಇನ್‌ಸ್ಪೆಕ್ಟರ್ ಹಾಸಿಗೆಯ ಪಕ್ಕ ಕೂತು, ಮಗುವಿಗೆ ತುತ್ತು ಕೊಡುವ ಹಾಗೆ, ಸ್ವಲ್ಪ ಸ್ವಲ್ಪವೇ ಎಲ್ಲವನ್ನೂ ಹೇಳಿದರು.

“ದಿನಾ ರಾತ್ರಿ ಅವರೇ ತಂದು ಕೈಗೆ ಕೊಡೋರು,” ಎಂದಳು ಕೊನೆಗೆ. “ನೀರೂ ಹಿಡ್ಕೊಂಡು ನಿಲ್ಲೋರು. ನನ್ನ ಅಕ್ಕತಂಗಿಯರೆಲ್ಲ ಹೊಟ್ಟೆಕಿಚ್ಚು ಪಡೋರು.”

“ನಿಮ್ಮನ್ನ ನೋಡಬೇಕಂತೆ.”

ಅವಳು ದದ್ದು ಒಣಗುತ್ತಿದ್ದ ಅಂಗೈಯನ್ನು ತಿರುಗಿಸಿ ಬಹಳ ಹೊತ್ತು ನೋಡಿಕೊಂಡಳು.

“ಆ ಡಾಕ್ಟರನ್ನ ಮೊದಲು ಕರೀರಿ ಮೇಡಂ. ನನ್ನ ಕಾಯಿಲೆ ಏನು ಅಂತ ನನಗೆ ಹೇಳಲಿ. ಇವರ ಮಾತು ಆಮೇಲೆ.”