ಮಣಿಯ ಮೇಲೆ ಕೂತ ಕಣ

"ಅಲ್ಲೇ ನಿಂದರ್ರಿ! ಒಳಗ ಬರಬ್ಯಾಡ್ರಿ!"

ರೇಡಿಯೋ ಮೆಕ್ಯಾನಿಕ್ ಬೀರಲಿಂಗಪ್ಪ ಬಾಗಿಲಲ್ಲೇ ಬೆಚ್ಚಿ ನಿಂತ. ಕೈಯಲ್ಲಿ ರಿಪೇರಿ ಚೀಲ, ಹಣೆ ತುಂಬ ಬೀರಪ್ಪ ದೇವರ ಭಂಡಾರ, ಹಳದಿ ಅರಿಶಿನದ ಪುಡಿ.

"ನೀವೇ ಕರೆಸೀರಲ್ರಿ ಮೇಡಂ... ಸ್ಟೆಬಿಲೈಜರ್ ಕೆಟ್ಟದಂತ."

"ಚಪ್ಪಲಿ ಹೊರಗ ಬಿಡ್ರಿ, ಧೂಳ ಬರ್ತದ!"

ಅವನು ನಕ್ಕ. ಗುರುಶಾಂತಮ್ಮನಿಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಕೂತಾಗಲೂ ಅದೇ ನಗು ನೆನಪಾಯಿತು, ಅದಕ್ಕೂ ಸಿಟ್ಟು!

ಇದು ತೊಂಬತ್ತೆಂಟರ ಮಾತು. ಜೇವರ್ಗಿಯ ಕಾಲೇಜೊಂದರ ಹಿಂದಿನ ಕೋಣೆಯಲ್ಲಿ ಅವಳ ಪಿಎಚ್‌ಡಿ ಪ್ರಯೋಗ ನಡೆದಿತ್ತು. ಗಾಜಿನ ಎಳೆಯ ತುದಿ ಕರಗಿಸಿದರೆ ಸಾಸಿವೆಗಿಂತ ಸಣ್ಣ ಮಣಿ. ಅದರೊಳಗೆ ಲೇಸರ್ ಬಿಟ್ಟರೆ, ಗೋಳಗುಮ್ಮಟದ ಗೋಡೆಗುಂಟ ಪಿಸುಮಾತು ಓಡಿದಂತೆ ಬೆಳಕು ಅಂಚಿನಗುಂಟ ಸುತ್ತುತ್ತದೆ. ಕಣ್ಣಿಗೆ ಕಾಣದ ಒಂದು ಕಣ ಮಣಿಯ ಮೇಲೆ ಕೂತರೂ ಸಾಕು, ಯಂತ್ರದ ಕಾಗದದಲ್ಲಿ ಗೆರೆ ಮೆಟ್ಟಿಲಿನಂತೆ ಏರುತ್ತದೆ. ಮೆಟ್ಟಿಲು ಎತ್ತರವಾದಷ್ಟೂ ಕಣ ದೊಡ್ಡದು.

ಆದರೆ ಇವಳು ಪರೀಕ್ಷೆಯ ಕಣ ಬಿಡುವ ಮೊದಲೇ ಗೆರೆ ಏರುತ್ತಿತ್ತು! ದಿನಾ! ಸೋಮವಾರದೊಳಗೆ ಸರಿಹೋಗದಿದ್ದರೆ ಲೇಸರ್ ವಾಪಸ್ ಎಂದು ಗೈಡ್ ಹೇಳಿಬಿಟ್ಟಿದ್ದರು. ಮೂರು ವರ್ಷದ ದುಡಿಮೆ ನೀರುಪಾಲು!

ಆ ಮೊದಲ ದಿನದ ನಂತರ ಒಂದು ತಿಂಗಳಿಂದ ಬೀರಲಿಂಗಪ್ಪ ದಿನವೂ ಬಂದು ಕರೆಂಟಿನ ಏರಿಳಿತ ಕಾಯುತ್ತಿದ್ದ. ಅವನು ಬರುವುದು ಐದು ನಿಮಿಷ ತಡವಾದರೆ ಇವಳ ಕಣ್ಣು ಬಾಗಿಲ ಮೇಲೆ... ಕೇಳಿದ್ದರೆ ಮಾತ್ರ ಸುತಾರಾಂ ಒಪ್ಪುತ್ತಿರಲಿಲ್ಲ.

ಶುಕ್ರವಾರ ಗೆರೆ ಮತ್ತೆ ಏರಿತು.

"ನಿಮ್ಮ ಭಂಡಾರನ ಉದುರಾಕತ್ತದ! ನೀವು ಬಂದಾಗಿಂದನ ಹಿಂಗಾಗ್ಯದ!"

ಅವನು ಅವಳ ಹಣೆ ನೋಡಿದ. ಕರವಸ್ತ್ರದಿಂದ ಹಣೆ ಒರೆಸಿ, ಅದನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದ.

ಶನಿವಾರ ಅವನು ಬರಲಿಲ್ಲ. ಗೆರೆ ಏರಿತು!

'ಅವನೂ ಇಲ್ಲ, ಭಂಡಾರವೂ ಇಲ್ಲ... ಮತ್ತೇಕೆ?'

ರೋಸಿಹೋಗಿ ಆ ಕರವಸ್ತ್ರವನ್ನೇ ಮಣಿಯ ಮೇಲೆ ಕೊಡವಿದಳು. ಮಣಿಯೊಳಗೆ ಬೆಳಕು ಸುತ್ತುವುದೇ ನಿಂತು, ಗೆರೆ ಪೂರ್ತಿ ಅಳಿಸಿಹೋಯಿತು. ಭಂಡಾರದ ಕಣ ಅಷ್ಟು ದಪ್ಪ! ದಿನಾ ಬೀಳುತ್ತಿದ್ದದ್ದು ಅದಲ್ಲವೇ ಅಲ್ಲ.

ಹೊಸ ಮಣಿ ಕೂಡಿಸಲು ಬಾಗಿದಳು. ಕಪ್ಪು ಮೇಜಿನ ಮೇಲೆ, ತನ್ನ ಮುಖದ ಕೆಳಗೇ, ಬೆಳ್ಳನೆ ಪುಡಿ...

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಚ್ಚಿಕೊಂಡ ವಿಭೂತಿ!

ಸೂಜಿಯ ತುದಿಯಿಂದ ಅದರ ಚೂರನ್ನು ಮಣಿಗೆ ತಾಗಿಸಿದಳು. ಅದೇ ಮೆಟ್ಟಿಲು, ಅಷ್ಟೇ ಎತ್ತರ.

ಹಣೆಗೆ ಬಟ್ಟೆ ಕಟ್ಟಿ, ಇನ್ನೊಂದು ಮಣಿ ಕೂಡಿಸಿದಳು. ಗೆರೆ ನೆಟ್ಟಗೆ ಓಡಿತು. ಲೇಸರ್ ಉಳಿಯಿತು! ಖುಷಿಯಿಂದ ಪಕ್ಕಕ್ಕೆ ತಿರುಗಿದರೆ ಅವನು ಕೂರುತ್ತಿದ್ದ ಕುರ್ಚಿ ಖಾಲಿ. ಅಳು ಒತ್ತರಿಸಿ ಬಂತು.

ಅವಳು ಹುಡುಕಿಕೊಂಡು ಹೋದಾಗ, ಹೈವೇ ಪಕ್ಕದ ತನ್ನ ಅಂಗಡಿಯಲ್ಲಿ ಅವನು ತಲೆ ಬಗ್ಗಿಸಿ ರೇಡಿಯೋ ಬಿಚ್ಚುತ್ತಿದ್ದ. ಹಣೆ ಬರಿದಾಗಿತ್ತು.

"ನನ್ನ ಹಣಿಮ್ಯಾಲಿನ ಇಬತ್ತಿನ ಉದುರತಿತ್ತು. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಪೂಜಾ ಮಾಡಿ ಹಚ್ಕೊಂಡಿದ್ರಿ. ಒರಸ್ಕೊಳ್ರಿ ಅನ್ನಾಕ ಬಾಯಿ ಬರಲಿಲ್ರಿ."

"ನಾ ಅಂದೆನಲ್ರಿ... ನಿಮ್ಮ ದೇವರ ಭಂಡಾರಕ್ಕ!"

ಅವಳ ಕಣ್ಣು ತುಂಬಿತು. ಬೀರಪ್ಪನ ಫೋಟೋದ ಮುಂದಿನ ಬಟ್ಟಲಿನಿಂದ ಚಿಟಿಕೆ ಭಂಡಾರ ತೆಗೆದಳು.

"ನಾನ ಹಚ್ಚಲೇನ್ರಿ?"

"ಮಂದಿ ನೋಡಾಕತ್ತಾರ್ರಿ ಮೇಡಂ."

"ನೋಡ್ಲಿ. ನೀವಿಲ್ದ ಆ ಕೋಣ್ಯಾಗ ನನಗ ಕೂಡಾಕ ಆಗಂಗಿಲ್ರಿ. ಮತ್ತ... ಮೇಡಂ ಅನ್ನಬ್ಯಾಡ್ರಿ."

"ಶಾಂತಾ..."

ಅವನು ಹಣೆ ಬಾಗಿಸಿದ. ಅವಳು ಹಚ್ಚುವಾಗ ಭಂಡಾರ ಇಬ್ಬರ ಮೇಲೂ ಚೆಲ್ಲಿತು.

"ಉದುರಾಕತ್ತದ ನೋಡ್ರಿ," ಎಂದು ಅವನು ನಕ್ಕ.

"ಉದುರ್ಲಿ ಬಿಡ್ರಿ."