ತಾಯಿಯ ಹೆಸರು ಬಲ್ಲವನು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಹೆರಿಗೆ ನರ್ಸ್ ಸುಮಿಯಾತಿ ಕ್ಲಾತೆನ್ ಪೊಲೀಸ್ ಠಾಣೆಗೆ ಓಡೋಡಿ ಬಂದರು. ಒಂಬತ್ತರಿಂದ ಅವರ ಫೋನ್ ಸತ್ತುಹೋಗಿತ್ತು.

"ಫೋನ್ ಅಂಗಡಿಗೆ ಹೋಗಿದ್ರಾ, ಇಬು?" ಇನ್ಸ್‌ಪೆಕ್ಟರ್ ಹರ್ಜಾಂತೊ ಕೇಳಿದರು. ಅಲ್ಲಿ ಹೆಂಗಸರಿಗೆ ಇಬು, ಗಂಡಸರಿಗೆ ಪಾಕ್ ಎಂಬುದೇ ಮರ್ಯಾದೆಯ ಮಾತು.

"ಹೋಗಿದ್ದೆ, ಪಾಕ್. ನಿಮ್ ತಮ್ಮ ಬಂದು ನಿಮ್ ನಂಬರಿಗೇ ಹೊಸ ಸಿಮ್ ತಗೊಂಡು ಹೋದ್ರು ಅಂದ್ರು. ನಂಗೆ ತಮ್ಮನೇ ಇಲ್ಲ."

"ದುಡ್ಡು ಹೋಗಿದ್ಯಾ?"

"ದುಡ್ಡು ಹಾಳಾಗ್ಲಿ. ಪುರ್ವಾಂತಿ ದಿನಾ ಆ ನಂಬರಿಗೇ ಮೆಸೇಜ್ ಮಾಡ್ತಾಳೆ."

ಪುರ್ವಾಂತಿ ಗಂಡನಿಂದ ಕೈ ಮುರಿಸಿಕೊಂಡು, ಮೂರು ತಿಂಗಳ ಕೂಸಿನೊಂದಿಗೆ ತಲೆಮರೆಸಿಕೊಂಡಿದ್ದವಳು. ಅವಳ ಹೊಸ ನಂಬರು ಇದ್ದದ್ದು ಸುಮಿಯಾತಿಯ ಫೋನಿನಲ್ಲಿ ಮಾತ್ರ. ಅವಳು ಅಡಗಿದ್ದ ಮನೆಯೂ ಅವರೊಬ್ಬರಿಗೇ ಗೊತ್ತು. ಗೊತ್ತಿಲ್ಲದ ನಂಬರಿನ ಕರೆಯನ್ನು ಅವಳು ಎತ್ತುತ್ತಲೇ ಇರಲಿಲ್ಲ.

10.35ಕ್ಕೆ ಎಫ್‌ಐಆರ್ ದಾಖಲಾಯಿತು. ಪೇದೆ ಎಂದಾಂಗ್ ಅಂಗಡಿಯ ಕ್ಯಾಮೆರಾದ ಚಿತ್ರ ತಂದಳು. ಕಂಡ ಕೂಡಲೇ ಸುಮಿಯಾತಿ ಗುರುತು ಹಿಡಿದರು. ಪುರ್ವಾಂತಿಯ ಗಂಡ ಗುನಾರ್ತೊ.

"ಅಂಗಡಿಯವ್ರು ಏನೂ ಕೇಳ್ಲಿಲ್ವಂತಾ?" ಹರ್ಜಾಂತೊ ಕೇಳಿದರು.

"ಕೇಳಿದ್ರಂತೆ ಸಾರ್," ಎಂದಳು ಎಂದಾಂಗ್. "ಇವ್ರು ಹುಟ್ಟಿದ ದಿನ, ತಾಯಿ ಹೆಸ್ರು. ಎರಡೂ ಪಟಪಟ ಅಂತ ಹೇಳಿದ್ನಂತೆ."

ಸುಮಿಯಾತಿಗೆ ಆಗ ಹೊಳೆಯಿತು. ತಾಯಿ ತೀರಿಕೊಂಡ ನೂರನೇ ದಿನದ ಪ್ರಾರ್ಥನೆಗೆ ಓಣಿಯವರನ್ನೆಲ್ಲ ಕರೆದಿದ್ದರು, ಗುನಾರ್ತೊನೂ ಬಂದಿದ್ದ. ಊಟದ ಡಬ್ಬಿಯ ಜೊತೆ ಹಂಚಿದ ಪ್ರಾರ್ಥನೆಯ ಪುಸ್ತಿಕೆಯಲ್ಲಿ ತಾಯಿಯ ಭಾವಚಿತ್ರ, ಪೂರ್ತಿ ಹೆಸರು, ಮಕ್ಕಳ ಹೆಸರು, ಅವರು ಹುಟ್ಟಿದ ದಿನ ಎಲ್ಲವೂ ಅಚ್ಚಾಗಿತ್ತು. ಸತ್ತವರಿಗೆ ಮರ್ಯಾದೆ ಮಾಡುವಾಗ ಯಾರಿಗೆ ತಾನೇ ಗುಟ್ಟಿನ ಯೋಚನೆ ಬಂದೀತು?

"ಅಚ್ಚಿಗೆ ಹೋಗೋ ಮುಂಚೆ ನಾನೇ ತಿದ್ದಿ ಕೊಟ್ಟಿದ್ದೆ," ಎಂದರು.

11.10ಕ್ಕೆ ಜೀಪು ಪ್ರಂಬಾನನ್ ಬಳಿ ಪುರ್ವಾಂತಿ ಅಡಗಿದ್ದ, ಅವಳ ದೂರದ ಚಿಕ್ಕಮ್ಮನ ಮನೆ ತಲುಪಿತು. ಪುರ್ವಾಂತಿ ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು.

"ಲಸಿಕೆ ಹಾಕೋಕೆ ಬರ್ತೀನಿ, ವಿಳಾಸ ಇನ್ನೊಂದ್ಸಲ ಕಳ್ಸು ಅಂತ ಇಬುನೇ ಬರೆದಿದ್ರಲ್ಲ? ಆಗ್ಲೇ ಕಳಿಸ್ದೆ," ಎಂದಳು.

ಹರ್ಜಾಂತೊ ತಾಯಿ ಮಗುವನ್ನು ಪಕ್ಕದ ಮನೆಗೆ ದಾಟಿಸಿ, ಜೀಪನ್ನು ಮರೆಗೆ ನಿಲ್ಲಿಸಿದರು. 11.40ಕ್ಕೆ ಗುನಾರ್ತೊನ ಬೈಕು ಗೇಟಿನ ಮುಂದೆ ನಿಂತಿತು. ಇಳಿಯುವಷ್ಟರಲ್ಲಿ ಎಂದಾಂಗ್ ಅವನ ರಟ್ಟೆ ಹಿಡಿದಿದ್ದಳು. ನೆರೆಯ ಇಬ್ಬರ ಸಮಕ್ಷಮದಲ್ಲಿ ಚೀಲದ ಪಂಚನಾಮೆ ನಡೆಯಿತು: ಕೂಸಿನ ಉಣ್ಣೆಯ ಟೋಪಿ ಒಂದು, ಕುಡುಗೋಲು ಒಂದು.

"ಮಗನ ಮುಖ ನೋಡ್ಬೇಕಿತ್ತು ಪಾಕ್. ಹುಟ್ಟಿದ್ಮೇಲೆ ಎರಡೇ ಸಲ ಎತ್ಕೊಂಡಿದ್ದು," ಎಂದು ಗುನಾರ್ತೊ ಬಿಕ್ಕಿದ.

"ಅದಕ್ಕೆ ಕುಡುಗೋಲು ಯಾಕೆ?"

ಅವನ ಅಳು ಸುಳ್ಳೆಂದು ಹರ್ಜಾಂತೊಗೆ ಅನಿಸಲಿಲ್ಲ, ಅದೇ ಅವರಿಗೆ ಹೆಚ್ಚು ಭಯ ಹುಟ್ಟಿಸಿತು. ಹೇಳಿಕೆಯಲ್ಲಿ ಅಳುವನ್ನೂ ಕುಡುಗೋಲನ್ನೂ ಬರೆಸಿದರು.

ಬಂಧನವಾಯಿತೆಂದು ಹೇಳಲು ಅವರು ಪಕ್ಕದ ಮನೆಗೆ ಹೋದರು. ಪುರ್ವಾಂತಿ ಆಗಲೇ ಹಿಂಬಾಗಿಲಿನಿಂದ ಚಿಕ್ಕಮ್ಮನ ಮನೆಗೆ ಮರಳಿ, ಕೂಸಿನ ಒದ್ದೆ ಬಟ್ಟೆಗಳನ್ನು ಹಾಗೇ ಚೀಲಕ್ಕೆ ತುರುಕುತ್ತಿದ್ದಳು.

"ಇನ್ನೇನೂ ಭಯ ಇಲ್ಲಮ್ಮ. ಅವನು ಜೈಲಿಗೇ ಹೋಗ್ತಾನೆ."

"ಒಂದಿನ ಹೊರಗೆ ಬರ್ತಾನಲ್ಲ, ಪಾಕ್," ಎಂದಳು ಅವಳು. "ಈ ಮನೆ ಅವನಿಗೆ ಗೊತ್ತಾಯ್ತು."