ಅವಳು ಕೇಳಿದ್ದು ಮೆಮೊರಿ, ಅವನು ಹೇಳಿದ್ದು ಹಾರ್ಡ್ ಡಿಸ್ಕ್

ರಾಮದಾಸಪೇಠದ ಆ ಕಂಪ್ಯೂಟರ್ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ತುಂಗಾ ಅಲ್ಲೇ ನಿಂತುಬಿಟ್ಟಳು.

ಕೌಂಟರಿನ ಹಿಂದೆ ಸ್ಕ್ರೂ ಬಿಚ್ಚುತ್ತಿದ್ದವನು ತಲೆಯೆತ್ತಿದ.

ಶ್ರೀಶ!

ಎಂಟು ತಿಂಗಳ ಹಿಂದೆ ಪ್ರತಾಪ ನಗರದ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. ಅಪ್ಪನ ಜೊತೆ ಎರಡು ತಾಸು ನಕ್ಕು ಮಾತಾಡಿ, ಹೋಗುವಾಗ ಗೇಟಿನ ಬಳಿ ಅವಳನ್ನು ತಿರುಗಿ ನೋಡಿ 'ಫೋನ್ ಮಾಡ್ತೀನಿ' ಅಂದಿದ್ದವನು. ಆಗ ಯಾವುದೋ ಕಂಪನಿಯಲ್ಲಿದ್ದ. ಈ ಅಂಗಡಿ ಅವನದೆಂದು ಅವಳಿಗೆ ಗೊತ್ತಿರಲಿಲ್ಲ.

ಅವನು ಬಂದುಹೋದ ನಾಲ್ಕನೇ ದಿನ ಅಪ್ಪ ವಾಮನರಾಯರಿಗೆ ಪಾರ್ಶ್ವವಾಯು ಬಡಿದಿತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಮಾತಿನಿಂದಲೇ ಎಲ್ಲರನ್ನೂ ಗೆದ್ದವರ ಮಾತೇ ನಿಂತುಹೋಯಿತು. ಆಮೇಲೆ ಗಂಡಿನ ಕಡೆಯಿಂದ ಒಂದು ಫೋನೂ ಬರಲಿಲ್ಲ.

'ರೋಗಿಷ್ಠ ಅಪ್ಪ, ತಾಯಿ ಇಲ್ಲದ ಮನೆ... ಹೆದರಿ ಓಡಿದ' ಎಂದುಕೊಂಡು ತುಂಗಾ ಆ ಅಧ್ಯಾಯ ಮುಚ್ಚಿದ್ದಳು.

"ಬರ್ರಿ," ಎಂದ ಶ್ರೀಶ. "ಅಪ್ಪಾರು ಹೆಂಗಿದ್ದಾರ?"

"ಅದಾರ." ಅವಳು ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟಳು. "ಭಾಳ ನಿಧಾನ ಆಗೇದ. ಜೋರಾಗಿ ನಡಿಯೋ ಮೆಮೊರಿ ಹಾಕ್ರಿ."

"ಇದರಾಗ ಏನು ಕೆಲಸಾ ಮಾಡ್ತೀರಿ?"

ಅವಳು ಆಸ್ಪತ್ರೆಯಲ್ಲಿ ಮಾತು ಕಲಿಸುವ ಕೆಲಸದಲ್ಲಿದ್ದಳು. ರೋಗಿಗಳ ಧ್ವನಿಮುದ್ರಣಗಳನ್ನು ಕೇಳಿಸಿ, ಅದರ ಜೊತೆಗೇ ಅವರಿಂದ ಹೇಳಿಸಬೇಕು. ಒಂದೊಂದು ತೆರೆಯುವಷ್ಟರಲ್ಲಿ ಅವರ ಗಮನ ಹೋಗಿಬಿಡುತ್ತಿತ್ತು.

ಶ್ರೀಶ ಒಂದು ಮುದ್ರಣ ತೆರೆದು ಗೋಡೆಯ ಗಡಿಯಾರ ನೋಡಿದ. ಒಂದೂವರೆ ನಿಮಿಷ. ಅಂಗಡಿಯಲ್ಲಿದ್ದ ವೇಗದ ಮೆಮೊರಿ ಹಾಕಿ ಮತ್ತೆ ತೆರೆದ. ಎರಡೇ ಸೆಕೆಂಡು ಕಡಿಮೆಯಾಯಿತು.

"ನೋಡ್ರಿ, ಮೆಮೊರಿ ಅರ್ಧಾನೂ ತುಂಬಿಲ್ಲ. ಆದ್ರ ಡಿಸ್ಕಿನ ಈ ದೀಪ ಆರವಲ್ದು. ಡಿಸ್ಕ್ ಹುಡುಕ್ಲಿಕ್ಕೆ ಹತ್ತೇದ, ಮೆಮೊರಿ ಸುಮ್ಮ ಕಾಯ್ತಾ ಕೂತದ. ಎಷ್ಟು ಜೋರಿಂದು ಹಾಕಿದ್ರೂ ಅದು ಕಾಯೋದ. ನಿಮಗ ಬೇಕಾಗಿರೋದು ಜೋರಾಗಿ ತಿರಗೋ ಹಾರ್ಡ್ ಡಿಸ್ಕ್. ಮತ್ತ... ಇದರ ಸಪ್ಪಳಾನೂ ನನಗ ಬರೋಬರ್ ಅನಸವಲ್ದು."

"ಎರಡೂ ಹಾಕಿಸ್ಲಿಕ್ಕೆ ಈಗ ಆಗೂದಿಲ್ಲ. ನಾ ಕೇಳಿದ್ದು ಮೆಮೊರಿ."

"ತುಂಗಾ ಅವರ, ಒಮ್ಮೆ ನನ್ನ ಮಾತು ಕೇಳ್ರಿ."

"ನಿಮ್ಮ ಮಾತು ನಂಬಿ ಒಮ್ಮೆ ಕಾದೇನಿ. ಸಾಕು."

ಮಾತು ಬಾಯಿಂದ ಜಾರಿತ್ತು. ಶ್ರೀಶನ ಮುಖ ಬಿಳಿಚಿಕೊಂಡಿತು. ಅವನು ಮೆಮೊರಿಯನ್ನು ಭದ್ರವಾಗಿ ಕೂರಿಸಿ ಲ್ಯಾಪ್‌ಟಾಪ್ ಮುಂದಿಟ್ಟ.

"ಉಪಯೋಗ ಆಗ್ಲಿಲ್ಲಂದ್ರ ವಾಪಸ್ ತರ್ರಿ. ತೊಗೋತೀನಿ."

ಮರುದಿನ ಬೆಳಿಗ್ಗೆ ಅಪ್ಪನ ಪಾಠಕ್ಕೆ ಕೂತಾಗಲೂ ಅದೇ ಕಾಯುವಿಕೆ. ಕಾಯಿಲೆಗೆ ಮೊದಲು, ಓದಿನ ಪ್ರಾಜೆಕ್ಟಿಗೆಂದು ಅವಳು ಅಪ್ಪನ ದನಿಯನ್ನೇ ಮುದ್ರಿಸಿಕೊಂಡಿದ್ದಳು. ವಾರದ ಹೆಸರು, ಊರಿನ ಹೆಸರು, ಬ್ಯಾಂಕಿನ ಹಳೆಯ ಕಥೆಗಳು... ತನ್ನದೇ ದನಿ ಕೇಳಿದಾಗ ಮಾತ್ರ ಅಪ್ಪನ ತುಟಿ ಅಲುಗುತ್ತಿತ್ತು.

ಕಾದೂ ಕಾದೂ ಅಪ್ಪ ಮುಖ ತಿರುಗಿಸಿದರು. ಅಷ್ಟರಲ್ಲಿ ಲ್ಯಾಪ್‌ಟಾಪಿನೊಳಗೆ ಕಟ್... ಕಟ್... ಎಂದು ಸದ್ದಾಯಿತು. ಪರದೆ ಕಪ್ಪಾಯಿತು.

ಅಪ್ಪನ ಆ ಮುದ್ರಣಗಳಿಗೆ ಬೇರೆ ಪ್ರತಿ ಇರಲಿಲ್ಲ.

ಅರ್ಧ ಗಂಟೆಯಲ್ಲಿ ಅವಳು ಅಂಗಡಿಯಲ್ಲಿದ್ದಳು. 'ಹೇಳಿದ್ದೆನಲ್ಲ' ಎನ್ನುತ್ತಾನೆ, ಅನ್ನಲಿ... ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಶ್ರೀಶ ಅನ್ನಲಿಲ್ಲ. ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಕೇಳಿದ.

"ಇದರಾಗ ಎಲ್ಲಾಕ್ಕಿಂತ ಮೊದಲು ಏನು ಉಳೀಬೇಕು?"

"ಅಪ್ಪನ ದನಿ." ಅವಳ ಕಣ್ಣು ತುಂಬಿತು. "ಉಳದಿದ್ದೆಲ್ಲಾ ಹೋದ್ರೂ ಹೋಗ್ಲಿ."

"ಎರಡು ದಿನಾ ಕೊಡ್ರಿ."

ಆ ಎರಡು ದಿನ ಬೆಳಗಾದರೆ ಅಪ್ಪ ಪಾಠದ ಮೇಜಿನ ಕಡೆ ನೋಡುತ್ತಿದ್ದರು. ಅವಳು ಏನೋ ನೆಪ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಮೂರನೇ ದಿನ ಸಂಜೆ ಶ್ರೀಶನೇ ಮನೆಗೆ ಬಂದ. ಕಣ್ಣು ಕೆಂಪಗಿದ್ದವು. ಲ್ಯಾಪ್‌ಟಾಪ್ ತೆರೆದು ಅವಳ ಕಡೆ ತಿರುಗಿಸಿದ.

"ಡಿಸ್ಕ್ ಬಿಸಿ ಆದ ಕೂಡ್ಲೇ ನಿಂತಬಿಡ್ತಿತ್ತು. ತಣ್ಣಗಾಗ್ಲಿಕ್ಕೆ ಬಿಟ್ಟು, ಸ್ವಲ್ಪ ಸ್ವಲ್ಪಾನ ಹೊಸ ಡಿಸ್ಕಿಗೆ ತೊಗೊಂಡೆ. ನಿಮ್ಮ ಕೆಲಸದ್ದು ಹದಿನೇಳು ಫೈಲ್ ಸಿಗ್ಲಿಲ್ಲ. ಅಪ್ಪಾರ್ದು ಎಲ್ಲಾ ಸಿಕ್ಕಾವ."

ತುಂಗಾ ಒಂದು ಮುದ್ರಣ ಒತ್ತಿದಳು. ಒತ್ತಿದ ಕೆಲವೇ ಕ್ಷಣಗಳಲ್ಲಿ ಕೋಣೆಯ ತುಂಬ ಅಪ್ಪನ ಹಳೆಯ ದನಿ ತುಂಬಿತು.

"ಸೋಮವಾರ... ಮಂಗಳವಾರ..."

ಮಂಚದ ಮೇಲಿದ್ದ ವಾಮನರಾಯರು ತಟ್ಟನೆ ಇತ್ತ ತಿರುಗಿದರು. "ಸೋ...ಮ..." ಎಂದರು.

ಹಾಗೆಯೇ ಅವರ ನೋಟ ಶ್ರೀಶನ ಮೇಲೆ ನಿಂತಿತು. ಚೆನ್ನಾಗಿದ್ದ ಎಡಗೈ ಚಾಚಿ ಅವನ ಮಣಿಕಟ್ಟು ಹಿಡಿದರು. ತುಟಿ ಅದುರಿತು. ಹಣೆಯ ಮೇಲೆ ಬೆವರು ಮೂಡಿತು.

"ಆಸ್... ಪತ್ರಿ." ಮತ್ತೆ ತಡವರಿಸಿದರು. "ಬಂ...ದಿದ್ದ. ದಿನಾ... ಬಂದಿದ್ದ."

ಎಂಟು ತಿಂಗಳಿಂದ ಅಪ್ಪನಿಗೆ ಹೇಳಲಾಗದೆ ಉಳಿದ ಮಾತು...

"ನೀವು ಆಸ್ಪತ್ರಿಗೆ ಬಂದಿದ್ರೇನು?" ಎಂದಳು ತುಂಗಾ.

ಶ್ರೀಶ ತಲೆ ತಗ್ಗಿಸಿದ. "ಒಂದು ವಾರ. ನೀವು ಮಧ್ಯಾಹ್ನ ಮನಿಗೆ ಹೋದಾಗ ಅಪ್ಪಾರ ಹತ್ರ ಕೂಡ್ತಿದ್ದೆ. ಎಂಟನೇ ದಿನಾ ನಿಮ್ಮ ದತ್ತು ಕಾಕಾ ಹೊರಗ ಕರದು, 'ತುಂಗಾಗ ಈಗ ಲಗ್ನ ಬ್ಯಾಡಂತ, ನೀವು ಬ್ಯಾರೆ ಕಡೆ ನೋಡ್ರಿ' ಅಂದ್ರು. ನೀವ ಹೇಳಿಕಳಿಸೀರಿ ಅಂತ ತಿಳಕೊಂಡೆ."

"ನನ್ನ ಯಾರೂ ಕೇಳೇ ಇಲ್ಲ," ಎಂದಳು ತುಂಗಾ. ಅಪ್ಪನ ತಮ್ಮನಾದ ಕಾಕಾನ ಮೇಲೆ ಸಿಟ್ಟು ಬಂತು. ಅವಳು ಮದುವೆಯಾಗಿ ಹೋದರೆ ಅಣ್ಣನನ್ನು ನೋಡಿಕೊಳ್ಳುವವರು ಯಾರೂ ಇರಲಾರರೆಂಬ ಭಯ ಅವರದು ಎಂದೂ ಹೊಳೆಯಿತು. ಅದನ್ನು ನಾಳೆ ನೋಡಿಕೊಂಡರಾಯಿತು. "ಮತ್ತ ನೀವು ಬ್ಯಾರೆ ಕಡೆ ನೋಡಿದ್ರೇನು?"

"ನೋಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಅವಳ ಕಣ್ಣೀರು ಈಗ ನಿಲ್ಲಲಿಲ್ಲ. ಆದರೂ ನಗು ಬರುತ್ತಿತ್ತು.

"ಅಂಗಡಿಯೊಳಗ ನಾ ಅಂದಿದ್ದಕ್ಕ..."

"ಕಾದೇನಿ ಅಂದ್ರಲ್ಲ, ಅದೊಂದ ಮಾತು ತಲಿಯೊಳಗ ಉಳೀತು." ಅವನು ಅವಳ ಕಡೆ ನೇರವಾಗಿ ನೋಡಿದ. "ಈಗ ನಾನ ಕೇಳ್ತೀನಿ, ತುಂಗಾ. ನನ್ನ ಲಗ್ನಾ ಆಗ್ತೀಯೇನು?"

"ಅಪ್ಪನ್ನ ಬಿಟ್ಟು ನಾ ಎಲ್ಲೂ ಬರೂದಿಲ್ಲ."

"ಬಿಟ್ಟು ಬಾ ಅಂತ ಯಾರಂದ್ರು? ಮೂವರೂ ಕೂಡಿ ಇರೋಣ."

ವಾಮನರಾಯರು ಅವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ತುಂಗಾ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಎರಡೂ ಕೈಗಳ ಮೇಲೆ ತನ್ನ ಕೈಯಿಟ್ಟಳು.

"ಚಹಾ ಮಾಡ್ತೀನಿ. ಜಲ್ದಿ ಹೋಗೋದು ಅದ ಏನು?"

"ಇಲ್ಲ," ಎಂದ ಶ್ರೀಶ. "ನಿಧಾನ ಮಾಡು."